ಭಾನುವಾರದ ಬೀಗ

ಅಮೆರಿಕದ ಹಲವು ರಾಜ್ಯಗಳಲ್ಲಿ ಬಹುಕಾಲ ಭಾನುವಾರದಂದು ಮದ್ಯದಂಗಡಿಗಳಿಗೆ ಬೀಗ ಬೀಳುತ್ತಿತ್ತು. ‘ಬ್ಲೂ ಲಾ’ ಎಂದು ಹೆಸರಾದ ಈ ಕಟ್ಟಳೆಗಳ ಬೇರು ಕ್ರೈಸ್ತರ ವಿಶ್ರಾಂತಿದಿನದ ಆಚರಣೆಯಲ್ಲಿದೆ. ರಾಜ್ಯಧರ್ಮವೇ ಕೂಡದೆಂಬ ಸಂವಿಧಾನವುಳ್ಳ ನಾಡಿನಲ್ಲಿ ಇವು ಉಳಿದುದು ಹೇಗೆ? ಭಾನುವಾರದ ವ್ಯಾಪಾರನಿಷೇಧವನ್ನು ಪ್ರಶ್ನಿಸಿದ ಮೆಕ್‌ಗೋವನ್ ಮೊಕದ್ದಮೆಯಲ್ಲಿ, 1961ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ಉತ್ತರಿಸಿತು: ಮೂಲ ಧಾರ್ಮಿಕವಾದರೂ ಎಲ್ಲರಿಗೂ ಒಂದೇ ದಿನ ಬಿಡುವು ದೊರಕಿಸುವುದು ಈಗಿನ ಉದ್ದೇಶ, ಆದ್ದರಿಂದ ಕಾನೂನು ಸಿಂಧು.

ಮಿನ್ನೆಸೋಟ ರಾಜ್ಯದ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿ ನಿಷೇಧವನ್ನು ಸಮರ್ಥಿಸಿದವರಲ್ಲಿ ಸಣ್ಣ ಮದ್ಯದಂಗಡಿಗಳ ಮಾಲೀಕರೇ ಅನೇಕರಿದ್ದರು! ಆರು ದಿನಗಳ ವ್ಯಾಪಾರವೇ ಏಳಕ್ಕೆ ಹಂಚಿಹೋಗಿ ಖರ್ಚು ಮಾತ್ರ ಹೆಚ್ಚುವುದೆಂದೂ, ವಾರದ ಬಿಡುವು ಕೈತಪ್ಪುವುದೆಂದೂ ಅವರ ಅಳಲು. ಗಿರಾಕಿಗಳು ಗಡಿ ದಾಟಿ ವಿಸ್ಕಾನ್ಸಿನ್‌ಗೆ ಹೋಗುತ್ತಿರುವುದನ್ನು ಎದುರು ಪಕ್ಷದವರು ತೋರಿಸಿದರು. ಕೊನೆಗೆ 2017ರ ಮಾರ್ಚ್‌ನಲ್ಲಿ ಗವರ್ನರ್ ಮಾರ್ಕ್ ಡೇಟನ್ ನಿಷೇಧದ ರದ್ದತಿಗೆ ಸಹಿ ಹಾಕಿದರು. ಜುಲೈ 2ರ ಭಾನುವಾರ ಅಂಗಡಿಗಳು ತೆರೆದವು.

ಕುಡಿತದ ಪರ ವಾದಿಸುವವನು ನಾನಲ್ಲ. ಆದರೆ ಇಲ್ಲಿರುವ ಪ್ರಶ್ನೆ ಕುಡಿತಕ್ಕಿಂತ ದೊಡ್ಡದು. ತೆರೆಯಲೇಬೇಕೆಂದು ಹೊಸ ಕಾನೂನು ಹೇಳಲಿಲ್ಲ, ನಿಜ. ಪಕ್ಕದವನು ತೆರೆದಾಗ ತಾನು ಮುಚ್ಚಿ ಕೂರುವ ಧೈರ್ಯ ಸಣ್ಣ ವ್ಯಾಪಾರಿಗೆ ಎಲ್ಲಿಂದ ಬಂದೀತು? ಎಲ್ಲರೂ ಒಟ್ಟಾಗಿ ಪಡೆಯುವ ಬಿಡುವನ್ನು ಒಬ್ಬೊಬ್ಬರೇ ಉಳಿಸಿಕೊಳ್ಳುವುದು ಕಷ್ಟ.