ಆದಿಯ ಮೂಲ ಯಾವುದು?

ಊರಾಚೆಯ ಕೇರಿಗಳಲ್ಲಿ ‘ಎ.ಕೆ. ಕಾಲೋನಿ’ ಅನ್ನೋ ಬೋರ್ಡು ನೋಡಿರುತ್ತೀರಿ. ಎ ಅಂದ್ರೇನು ಅಂತ ಅಲ್ಲಿನ ಹುಡುಗರನ್ನೇ ಕೇಳಿ, ಎಷ್ಟೋ ಮಂದಿಗೆ ಗೊತ್ತಿಲ್ಲ. ಎ ಅಂದರೆ ಆದಿ. ಈ ನೆಲದ ಮೊದಲ ಮಕ್ಕಳು ನಾವು ಎಂಬ ಮಾತು ಸವೆದೂ ಸವೆದೂ ಒಂದು ಇಂಗ್ಲಿಷ್ ಅಕ್ಷರವಾಗಿ ನಿಂತಿದೆ.

ಇದು ಯಾವ ದೊರೆಯೂ ದಯಪಾಲಿಸಿದ ಹೆಸರಲ್ಲ. ಮದರಾಸಿನಲ್ಲಿ 1890ರ ದಶಕದಲ್ಲೇ ಆದಿದ್ರಾವಿಡ ಎಂಬ ಮಾತು ನಮ್ಮವರ ಸಭೆಗಳಲ್ಲಿ ಓಡಾಡುತ್ತಿತ್ತು. 1917ರಲ್ಲಿ ಬೆಜವಾಡದಲ್ಲಿ ಭಾಗ್ಯರೆಡ್ಡಿ ವರ್ಮರ ಅಧ್ಯಕ್ಷತೆಯಲ್ಲಿ ಸೇರಿದ ಪಂಚಮರ ಸಮ್ಮೇಳನ ಆ ‘ಪಂಚಮ’ವನ್ನೇ ಕಿತ್ತೆಸೆದು ‘ಆದಿ ಆಂಧ್ರ’ ಅಂದಿತು. ಲೆಕ್ಕ ನೋಡಿ: ಪಂಚಮ ಅಂದರೆ ಐದನೆಯವನು, ನಾಲ್ಕು ವರ್ಣದ ಸಾಲಿನಾಚೆ ನಿಲ್ಲಿಸಿದವನು. ಆದಿ ಅಂದರೆ ಮೊದಲನೆಯವನು. ಮದರಾಸು ಸರ್ಕಾರ 1922ರಲ್ಲಿ ಈ ಹೆಸರುಗಳನ್ನು ಒಪ್ಪಿತು. 1931ರ ಜನಗಣತಿಯ ಹೊತ್ತಿಗೆ ಮೈಸೂರು ಸಂಸ್ಥಾನದ ದಫ್ತರಗಳಲ್ಲೂ ‘ಆದಿಕರ್ನಾಟಕ’ ಕೂತಿತ್ತು. ಅದೇ ಗಣತಿಯಲ್ಲಿ ದೂರದ ಪಂಜಾಬಿನಲ್ಲಿ ಮಂಗೂರಾಮರ ಚಳವಳಿಯಿಂದಾಗಿ 4 ಲಕ್ಷಕ್ಕೂ ಹೆಚ್ಚು ಜನ ‘ಆದ್ ಧರ್ಮಿ’ ಅಂತ ಬರೆಸಿದರು.

ಆರ್ಯರು ಹೊರಗಿಂದ ಬಂದವರು ಅಂತ ಬಿಳಿಯ ಪಂಡಿತರು ಬರೆದದ್ದನ್ನೇ ನಮ್ಮ ಹಿರೀಕರು ದೊಣ್ಣೆ ಮಾಡಿಕೊಂಡರು. ಅಂಬೇಡ್ಕರ್ ಮಾತ್ರ ಈ ದೊಣ್ಣೆ ಹಿಡಿಯಲಿಲ್ಲ. 1948ರಲ್ಲಿ ಬಂದ ‘ಅಸ್ಪೃಶ್ಯರು’ ಕುರಿತ ಪುಸ್ತಕದಲ್ಲಿ ಅವರು ಅಸ್ಪೃಶ್ಯತೆಗೆ ಜನಾಂಗಭೇದ ಕಾರಣವಲ್ಲ ಅಂತಲೇ ವಾದಿಸಿದರು. ನನಗೂ ಅದೇ ಸರಿ ಅನ್ನಿಸುತ್ತೆ. ಮೊದಲು ಬಂದವನಿಗೆ ಮಾತ್ರ ಬಾವಿ ಅನ್ನೋದಾದರೆ, ಆಮೇಲೆ ಬಂದವನ ಕೂಸು ಬಾಯಾರಿ ಸಾಯಬೇಕೆ? ಆದರೂ ಆದಿ ಅಂದವರನ್ನು ಯಾರೂ ಹಗುರ ಮಾಡಬೇಡಿ. ಬೈಗುಳವನ್ನೇ ಹೆಸರು ಮಾಡಿಕೊಂಡು ಬದುಕಬೇಕಾಗಿದ್ದವರು ಅವರು.

ತೊಡಕು ಬಂದದ್ದು ಬೇರೆ ಕಡೆಯಿಂದ. ಒಂದು ಜಿಲ್ಲೆಯಲ್ಲಿ ಹೊಲೆಯರು ಎ.ಕೆ., ಇನ್ನೊಂದರಲ್ಲಿ ಮಾದಿಗರು ಎ.ಕೆ. ಪರಿಶಿಷ್ಟರ ಪಟ್ಟಿಯಲ್ಲಿ ಹೊಲೆಯ, ಮಾದಿಗ, ಆದಿಕರ್ನಾಟಕ ಮೂರೂ ಬೇರೆಬೇರೆ ಸಾಲು. ಒಳಮೀಸಲಾತಿಗೆ 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ದಾರಿ ಬಿಟ್ಟ ಮೇಲೆ, 2025ರಲ್ಲಿ ನಾಗಮೋಹನ ದಾಸ್ ಆಯೋಗದ ಗಣತಿದಾರರು ಮನೆಬಾಗಿಲಿಗೆ ಬಂದರು. “ಆದಿಕರ್ನಾಟಕ ಸರಿ, ಮೂಲ ಜಾತಿ ಯಾವುದು?” ಆದಿ ಅಂದರೂ ಮೂಲ ಅಂದರೂ ಒಂದೇ ಅಲ್ಲವೆ? ಪಟ್ಟಣದ ಬಾಡಿಗೆ ಮನೆಯಲ್ಲಿರುವವನು ಪಕ್ಕದ ಬಾಗಿಲ ಕಡೆ ಒಮ್ಮೆ ನೋಡಿ ಎ.ಕೆ. ಅಂತಷ್ಟೇ ಅಂದರೆ ಅದು ತಪ್ಪೂ ಅಲ್ಲ, ಅಜ್ಞಾನವೂ ಅಲ್ಲ. ಒಂದು ಕಾಲಕ್ಕೆ ಎದೆಯುಬ್ಬಿಸಿ ಹೇಳಿದ ಹೆಸರು ಈಗ ಅವನಿಗೆ ಹೊದಿಕೆ.

ಬರೀ ಆದಿ ಅಂತ ನಿಂತುಬಿಟ್ಟವರಿಗೆ ಆಯೋಗ ಪ್ರತ್ಯೇಕ ಗುಂಪು ಮಾಡಿ ಶೇಕಡಾ 1 ಕೊಡಿ ಅಂದಿತು. ಸರ್ಕಾರ ಆಗಸ್ಟಿನಲ್ಲಿ ಅದನ್ನು ಬಿಟ್ಟು 6, 6, 5 ಅಂತ ಮೂರೇ ಪಾಲು ಮಾಡಿತು.