ಹಳೇ ಪೆಂಟಿಯಂ ಕಿವುಡಲ್ಲ

1960ರ ದಶಕದ ವಾಲ್ವ್ ರೇಡಿಯೋ ಒಂದು ಸುಸ್ಥಿತಿಯಲ್ಲಿದ್ದರೆ, ಮೀಡಿಯಂ ವೇವ್ ಬರುವ ಊರಲ್ಲಿ ಅದರಲ್ಲಿ ಇವತ್ತಿಗೂ ಆಕಾಶವಾಣಿ ಕೇಳಬಹುದು. ಆದರೆ 1999ರಲ್ಲಿ ಇಂಟರ್ನೆಟ್ ರೇಡಿಯೋ ಕೇಳಿಸುತ್ತಿದ್ದ ಕಂಪ್ಯೂಟರನ್ನು ಇವತ್ತು ನೆಟ್‌ಗೆ ಸಿಕ್ಕಿಸಿ ನೋಡಿ, ಎಷ್ಟೋ ಸ್ಟೇಷನ್‌ಗಳು ಅದರ ಜೊತೆ ಮಾತೇ ಆಡಲ್ಲ. ವಿಂಡೋಸ್ 98 ಇರುವ ಪೆಂಟಿಯಂಗೆ ರೇಡಿಯೋ ಪ್ಲೇಯರ್ ಬರೆಯಲು ಕೂತಾಗ ನನ್ನನ್ನು ಕಾಡಿದ್ದು ಇದೇ. ಅಜ್ಜ ಗಟ್ಟಿಯಾಗಿದ್ದಾನೆ, ಮೊಮ್ಮಗ ಯಾಕೆ ಮೂಕನಾದ?

'ವಯಸ್ಸಾಯ್ತು, ಸ್ಪೀಡ್ ಸಾಲಲ್ಲ' ಅನ್ನೋದು ಸುಲಭ. ಇತಿಹಾಸ ಬೇರೆಯದನ್ನೇ ಹೇಳುತ್ತೆ. ಸಿಡಿಯ ಸಂಗೀತ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್. 1990ರ ದಶಕದ ನಡುವೆ ಎಷ್ಟೋ ಮನೆಗಳಲ್ಲಿದ್ದ ಮೋಡೆಮ್‌ನಲ್ಲಿ ಹರಿಯುತ್ತಿದ್ದದ್ದು 14,400 ಬಿಟ್. ಕೆರೆ ತೂಬಿನ ನೀರನ್ನು ಪೆನ್ನಿನ ರೀಫಿಲ್‌ನಲ್ಲಿ ಹರಿಸಿದ ಹಾಗೆ! ಆದರೂ ಜನ ದಾರಿ ಹುಡುಕಿದರು. 1994ರ ನವೆಂಬರ್‌ನಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ವಿದ್ಯಾರ್ಥಿ ರೇಡಿಯೋ ಡಬ್ಲ್ಯುಎಕ್ಸ್‌ವೈಸಿ ತನ್ನ ಪ್ರಸಾರವನ್ನು ನೆಟ್‌ಗೂ ಬಿಟ್ಟಿತು. 1995ರಲ್ಲಿ ಬಂದ ರಿಯಲ್‌ಆಡಿಯೋ ಧ್ವನಿಯನ್ನು ಹಿಂಡಿ ಆ ಸಣ್ಣ ಮೋಡೆಮ್‌ನಲ್ಲೇ ತೂರಿಸಿತು. ಎಂಪಿ3 ಬಂದ ಮೇಲೆ ಸಿಡಿಯ ಹಾಡು 1,28,000 ಬಿಟ್‌ಗೆ, ಅಂದ್ರೆ ಹೆಚ್ಚುಕಮ್ಮಿ ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯಿತು. 1997ರಲ್ಲಿ ವಿನ್‌ಆಂಪ್, 1998ರ ಕೊನೆಯ ಹೊತ್ತಿಗೆ ಅದನ್ನು ಮಾಡಿದ ನಲ್‌ಸಾಫ್ಟ್‌ನವರದೇ ಶೌಟ್‌ಕಾಸ್ಟ್. ಒಂದು ಪಿಸಿ, ಒಂದು ನೆಟ್ ಕನೆಕ್ಷನ್ ಇದ್ದವರೂ ಈಗ ಸ್ಟೇಷನ್ ನಡೆಸಬಹುದಿತ್ತು. ಇದನ್ನೆಲ್ಲ ಕೇಳಿಸಿದ್ದು ಇದೇ ಪೆಂಟಿಯಂಗಳು.

ಶೌಟ್‌ಕಾಸ್ಟ್‌ನ ಭಾಷೆಯೂ ಸರಳ. ಪ್ಲೇಯರ್ ಒಂದೆರಡು ಸಾಲಲ್ಲಿ ಹಾಡು ಕೇಳುತ್ತೆ, ಸರ್ವರ್ 'ಐಸಿವೈ 200 ಓಕೆ' ಅಂದು ಎಂಪಿ3 ಸುರಿಯುತ್ತೆ. ಹಾಡಿನ ಹೆಸರೂ ಬೇಕು ಅಂದರೆ, ಮೊದಲೇ ಹೇಳಿದಷ್ಟು ಬೈಟ್ ಬಂದ ಮೇಲೆ ಒಂದು ಬೈಟ್ ಬೇರೆ ಬರುತ್ತೆ. ಅದನ್ನು 16ರಿಂದ ಗುಣಿಸಿದರೆ ಹೆಸರು ಎಷ್ಟು ಬೈಟ್‌ನಲ್ಲಿದೆ ಅಂತ ಗೊತ್ತಾಗುತ್ತೆ. ಆ ಭಾಗವನ್ನು ಹೆಕ್ಕಿ ತೆಗೆದು ಉಳಿದದ್ದನ್ನು ಡಿಕೋಡರ್‌ಗೆ ಕೊಟ್ಟರೆ ಮುಗೀತು.

ಹಾಗಾದರೆ ಬಾಗಿಲು ಮುಚ್ಚಿದ್ದು ಎಲ್ಲಿ? ಒಂದು, ಎಚ್‌ಟಿಟಿಪಿಎಸ್‌ನ ಬೀಗ. ಈಗಿನ ಸರ್ವರ್‌ಗಳು ಸಾಮಾನ್ಯವಾಗಿ ಕೇಳುವ ಟಿಎಲ್‌ಎಸ್ 1.2 ಹುಟ್ಟಿದ್ದೇ 2008ರಲ್ಲಿ. ಅದಕ್ಕಿಂತ ಹತ್ತು ವರ್ಷ ಮೊದಲಿನ ವಿಂಡೋಸ್ 98ಗೆ ಆ ಕೀಲಿ ಎಲ್ಲಿಂದ ಬರಬೇಕು? ಎರಡು, ಎಂಪಿ3 ಬಿಟ್ಟು ಎಎಸಿಯಂಥ ಫಾರ್ಮ್ಯಾಟ್‌ಗಳಿಗೆ ಹೋದದ್ದು. ನಾನು ಯಾವ ಸ್ಟೇಷನ್ ಕೇಳ್ತೀನಿ ಅನ್ನೋದು ನನ್ನ ಖಾಸಗಿ ವಿಷಯ, ಬೀಗ ಬೇಕು, ಒಪ್ಪೋಣ. ಆದರೆ ಪಕ್ಕದಲ್ಲೇ ಹಳೇ ಬಾಗಿಲನ್ನೂ ತೆರೆದಿಟ್ಟಿದ್ದರೆ? ಎಫ್‌ಎಂ ಬಂತು ಅಂತ ಮೀಡಿಯಂ ವೇವ್‌ನ ಭಾಷೆಯನ್ನು ಯಾರೂ ಬದಲಿಸಲಿಲ್ಲ. ಎರಡೂ ಜೊತೆಗೇ ನಡೆದವು. ವಾಲ್ವ್ ರೇಡಿಯೋ ಉಳಿದದ್ದು ಅದರಿಂದಲೇ.

ಕೊನೆಗೆ ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದೆ. ಪುಟ್ಟ ರಾಸ್ಪ್‌ಬೆರಿ ಪೈ ಬೀಗ ತೆಗೆದು, ಎಎಸಿಯನ್ನು ಎಂಪಿ3 ಮಾಡಿ, ಮನೆಯೊಳಗಿನ ನೆಟ್‌ವರ್ಕ್‌ನಲ್ಲಿ ಹಳೇ ಐಸಿವೈ ಭಾಷೆಯಲ್ಲಿ ಕೊಡುತ್ತೆ. ಪೆಂಟಿಯಂನ ಪ್ರೊಸೆಸರ್, ಮೆಮೊರಿ, ಸೌಂಡ್ ಕಾರ್ಡ್, ಯಾವುದನ್ನೂ ಮುಟ್ಟಲಿಲ್ಲ. ಅದು ನಿರಾಳವಾಗಿ ಹಾಡಿತು.

ನಮ್ಮ ಮೀಟಿಂಗ್‌ಗಳಲ್ಲಿ 'ಹಳೇದಕ್ಕೆ ಸಪೋರ್ಟ್ ತೆಗೆದುಬಿಡೋಣ' ಅನ್ನೋದು ಅರ್ಧ ನಿಮಿಷದ ಮಾತು. ಅದರಿಂದ ಯಾರದೋ ಮನೆಯಲ್ಲಿ, ಇನ್ನೂ ಕೈಲಾಗುವ ಯಂತ್ರವೊಂದು ಗುಜರಿಗೆ ಹೋಗುತ್ತೆ. ಹ್ಞೂಂ ಅನ್ನುವ ಮೊದಲು ಒಂದು ಪ್ರಶ್ನೆ ಕೇಳಬಹುದು: ಸೋತದ್ದು ಯಂತ್ರವೋ, ಮಾತು ಬದಲಿಸಿದ್ದು ನಾವೋ?