ತಿರುಗಾಟದ ಯಕ್ಷಗಾನ: ವಿಡಿಯೊ ಚಿತ್ರೀಕರಣ ಸಾಧನಗಳ ಆಯ್ಕೆ

ಊರೂರು ತಿರುಗುವ ಯಕ್ಷಗಾನ ಮೇಳದ ಆಟವನ್ನು ದಾಖಲಿಸಲು ಒಬ್ಬಿಬ್ಬರು ಹೊತ್ತೊಯ್ಯಬಹುದಾದ ಕ್ಯಾಮೆರಾ, ಧ್ವನಿಮುದ್ರಣ, ವಿದ್ಯುತ್ ಮತ್ತು ಸಂಗ್ರಹ ಸಾಧನಗಳನ್ನು ಹೊಂದಿಸಿಕೊಳ್ಳುವ ಕ್ರಮವನ್ನು ಈ ಲೇಖನ ವಿವರಿಸುತ್ತದೆ. ಸ್ಥಿರ ರಂಗಮಂದಿರದ ಚಿತ್ರೀಕರಣದಲ್ಲಿ ಚಿತ್ರದ ಗುಣಮಟ್ಟವೇ ಮೊದಲ ಅಳತೆ. ತಿರುಗಾಟದಲ್ಲಿ ಅದಕ್ಕಿಂತ ಮುಂಚೆ ತಾಳಿಕೆಯನ್ನು ನೋಡಬೇಕಾಗುತ್ತದೆ. ಸಾಧನ ನಿಲ್ಲದೆ ಇಡೀ ಆಟವನ್ನು ಹಿಡಿಯಬೇಕು, ಮರುದಿನ ಇನ್ನೊಂದು ಊರಿನಲ್ಲಿ ಅದೇ ಕೆಲಸವನ್ನು ಮತ್ತೆ ಮಾಡಬೇಕು.

ತಿರುಗಾಟದ ಸ್ವರೂಪ

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಉತ್ತರ ಕನ್ನಡ ಮತ್ತು ಮಲೆನಾಡಿನ ಕೆಲ ಭಾಗಗಳಲ್ಲಿ ಮೇಳಗಳ ತಿರುಗಾಟ ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಆರಂಭವಾಗಿ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಮುಗಿಯುತ್ತದೆ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳು ಹರಕೆ ಆಟಗಳನ್ನು ಸೇವಾಕರ್ತರ ಮನೆಯಂಗಳದಲ್ಲಿ, ಗದ್ದೆಯಲ್ಲಿ, ಶಾಲೆಯ ಮೈದಾನದಲ್ಲಿ ಆಡುತ್ತವೆ. ಇಡೀ ರಾತ್ರಿಯ ಆಟ ಎಂಟು ಗಂಟೆಗೂ ಮೀರಬಹುದು. ಕಾಲಮಿತಿಯ ಆಟ ಅದಕ್ಕಿಂತ ಚಿಕ್ಕದಾದರೂ ಮಾಮೂಲಿ ನಾಟಕಕ್ಕಿಂತ ದೀರ್ಘ. ಮಳೆಗಾಲದಲ್ಲಿ ಕಲಾವಿದರು ಬೆಂಗಳೂರು, ಮುಂಬಯಿಯಂಥ ನಗರಗಳ ಸಭಾಂಗಣಗಳಿಗೆ ತಿರುಗಾಟ ಹೊರಡುವುದುಂಟು.

ಹೀಗೆ ಪ್ರತಿ ರಾತ್ರಿ ಜಾಗ ಬದಲಾಗುತ್ತದೆ. ಪ್ರೇಕ್ಷಕರು ಕೂರುವ ದೂರವೂ ವಿದ್ಯುತ್ ವ್ಯವಸ್ಥೆಯೂ ಎಲ್ಲ ಕಡೆ ಒಂದೇ ತೆರನಾಗಿರುವುದಿಲ್ಲ. ಮುಂದಿನ ಊರಿನ ಪರಿಸ್ಥಿತಿ ಮೊದಲೇ ತಿಳಿಯದಿರುವುದರಿಂದ ಒಂದು ಸಂದರ್ಭಕ್ಕೆ ಅತ್ಯುತ್ತಮವಾದ ಸಾಧನಕ್ಕಿಂತ ಹತ್ತು ಸಂದರ್ಭಗಳಿಗೆ ಹೊಂದಿಕೊಳ್ಳುವ ಸಾಧನವೇ ಇಲ್ಲಿ ಹೆಚ್ಚು ಉಪಯುಕ್ತ.

ಸಾಧನಗಳ ಬೆಳವಣಿಗೆ

ಒಬ್ಬರೇ ಹೊತ್ತೊಯ್ಯಬಹುದಾದ ವಿಡಿಯೊ ಸಲಕರಣೆ 1967ರಲ್ಲಿ ಸೋನಿ ಕಂಪನಿಯ ಪೋರ್ಟಾಪ್ಯಾಕ್ ರೂಪದಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಕ್ಯಾಮೆರಾ ಬೇರೆ, ಹೆಗಲಿಗೆ ನೇತುಹಾಕುವ ರೆಕಾರ್ಡರ್ ಬೇರೆ. ಎರಡೂ ಒಂದಾದ ಕ್ಯಾಮ್‌ಕಾರ್ಡರ್‌ಗಳು 1983ರಿಂದ ಸಾಮಾನ್ಯ ಗ್ರಾಹಕರಿಗೆ ದೊರೆಯತೊಡಗಿದವು. 1995ರಲ್ಲಿ ಬಂದ ಡಿವಿ ಮಾದರಿ ಚಿತ್ರವನ್ನು ಡಿಜಿಟಲ್ ರೂಪದಲ್ಲಿ ದಾಖಲಿಸಿತಾದರೂ ಮಿನಿಡಿವಿ ಟೇಪು ಸಾಮಾನ್ಯವಾಗಿ ಒಂದು ಗಂಟೆಗೆ ಮುಗಿಯುತ್ತಿತ್ತು. ಇಡೀ ರಾತ್ರಿಯ ಆಟಕ್ಕೆ ಎಂಟೊಂಬತ್ತು ಟೇಪು ಬೇಕು, ಬದಲಿಸುವಾಗಲೆಲ್ಲ ಪದ್ಯವೋ ಮಾತೋ ತಪ್ಪಿಹೋಗುತ್ತದೆ.

2008ರ ಕ್ಯಾನನ್ 5ಡಿ ಮಾರ್ಕ್ 2 ದೊಡ್ಡ ಸೆನ್ಸರಿನ ಸ್ಥಿರಚಿತ್ರ ಕ್ಯಾಮೆರಾದಲ್ಲೇ ಹೈ ಡೆಫಿನಿಷನ್ ವಿಡಿಯೊವನ್ನು ಸಾಧ್ಯವಾಗಿಸಿತು. ಮಂದ ಬೆಳಕಿನ ಚಿತ್ರೀಕರಣಕ್ಕೆ ಇದು ದೊಡ್ಡ ಅನುಕೂಲ. ಆದರೆ ಅದರ ಒಂದು ಎಚ್‌ಡಿ ತುಣುಕು ಸುಮಾರು 12 ನಿಮಿಷಕ್ಕೆ ನಿಂತುಬಿಡುತ್ತಿತ್ತು. ಮುಂದಿನ ಹಲವು ಸ್ಥಿರಚಿತ್ರ ಕ್ಯಾಮೆರಾಗಳಲ್ಲಿ ಕಂಡ 29 ನಿಮಿಷ 59 ಸೆಕೆಂಡಿನ ಮಿತಿಗೆ ಯುರೋಪಿನ ಸುಂಕದ ನಿಯಮ ಕಾರಣ: ಅದಕ್ಕಿಂತ ಹೆಚ್ಚು ಹೊತ್ತು ದಾಖಲಿಸುವ ಸಾಧನವನ್ನು ವಿಡಿಯೊ ಕ್ಯಾಮೆರಾ ಎಂದು ಪರಿಗಣಿಸಿ ಸುಂಕ ಹಾಕಲಾಗುತ್ತಿತ್ತು. ಈಚಿನ ಅನೇಕ ಮಾದರಿಗಳಲ್ಲಿ ಈ ಮಿತಿ ಇಲ್ಲ. ಆದರೂ ಹಳೆಯ ಕ್ಯಾಮೆರಾ ಕೊಳ್ಳುವವರು ಮೊದಲು ಇದನ್ನೇ ಪರೀಕ್ಷಿಸಬೇಕು.

ಕ್ಯಾಮೆರಾದ ಬಗೆಗಳು

ಒಂದೇ ಕವಚದಲ್ಲಿ ಝೂಮ್ ಲೆನ್ಸ್, ಮೈಕಿನ ಎಕ್ಸ್‌ಎಲ್‌ಆರ್ ಕಿಂಡಿಗಳು ಮತ್ತು ಎರಡು ಕಾರ್ಡುಗಳ ಜಾಗ ಇರುವ ಕ್ಯಾಮ್‌ಕಾರ್ಡರ್ ದೀರ್ಘ ಆಟಕ್ಕೆ ಹೇಳಿ ಮಾಡಿಸಿದ್ದು. ಅದು ಬೇಗ ಬಿಸಿಯಾಗುವುದಿಲ್ಲ. ಒಂದು ಕಾರ್ಡು ತುಂಬಿದೊಡನೆ ದಾಖಲಾತಿ ಎರಡನೆಯದಕ್ಕೆ ತಾನಾಗಿ ಸಾಗುತ್ತದೆ, ಖಾಲಿಯಾದ ಜಾಗಕ್ಕೆ ಹೊಸ ಕಾರ್ಡು ಹಾಕುತ್ತ ಹೋಗಬಹುದು. ಇದರ ಕೊರತೆ ಸೆನ್ಸರಿನ ಗಾತ್ರ. ಒಂದು ಇಂಚಿನದೆಂದು ಕರೆಯುವ ಸೆನ್ಸರ್ ವಾಸ್ತವದಲ್ಲಿ 13.2 × 8.8 ಮಿ.ಮೀ. ಇರುತ್ತದೆ. 36 × 24 ಮಿ.ಮೀ.ನ ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ ಅದರ ಏಳು ಪಟ್ಟಿಗೂ ಹೆಚ್ಚು.

ಮಿರರ್‌ಲೆಸ್ ಕ್ಯಾಮೆರಾ ಮಂದ ಬೆಳಕಿನಲ್ಲಿ ಮೇಲುಗೈ ಸಾಧಿಸುತ್ತದೆ. ಆದರೆ ಪುಟ್ಟ ಕವಚದೊಳಗೆ 4ಕೆ ದಾಖಲಾತಿ ಗಂಟೆಗಟ್ಟಲೆ ನಡೆದಾಗ ಕೆಲವು ಮಾದರಿಗಳು ಬಿಸಿಯೇರಿ ತಾವಾಗಿಯೇ ಆಫ್ ಆಗುತ್ತವೆ. ದೊಡ್ಡ ಸೆನ್ಸರಿನಲ್ಲಿ ಲೆನ್ಸಿನ ದ್ವಾರವನ್ನು ಪೂರ್ತಿ ತೆರೆದಾಗ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುವುದರಿಂದ, ಧೀಂಗಿಣ ಹಾಕುತ್ತ ಹಿಂದೆ ಮುಂದೆ ಸರಿಯುವ ವೇಷ ಆಗಾಗ ಮಸುಕಾಗುತ್ತದೆ. ಆ್ಯಕ್ಷನ್ ಕ್ಯಾಮೆರಾಗಳನ್ನೂ ಮೊಬೈಲನ್ನೂ ಮುಖ್ಯ ದಾಖಲೆಗಿಂತ ಚೌಕಿಯ (ವೇಷ ಕಟ್ಟುವ ಜಾಗದ) ಬಣ್ಣಗಾರಿಕೆ, ಹಿಮ್ಮೇಳದ ಹತ್ತಿರದ ನೋಟದಂಥ ಪೂರಕ ಚಿತ್ರಗಳಿಗೆ ಬಳಸುವುದು ಲೇಸು.

ಲೆನ್ಸ್ ಮತ್ತು ದೂರ

ಕ್ಯಾಮೆರಾ ಸಾಮಾನ್ಯವಾಗಿ ಪ್ರೇಕ್ಷಕರ ಹಿಂದೆ ನಿಲ್ಲುತ್ತದೆ. 15 ಮೀಟರ್ ದೂರದಿಂದ 5.5 ಮೀಟರ್ ಅಗಲದ ರಂಗಸ್ಥಳ ಪೂರ್ತಿ ಕಾಣಬೇಕಾದರೆ ಫುಲ್ ಫ್ರೇಮ್ ಲೆಕ್ಕದಲ್ಲಿ ಸುಮಾರು 100 ಮಿ.ಮೀ. ನಾಭಿದೂರ ಬೇಕು. ಅಲ್ಲಿಂದಲೇ ಕಿರೀಟದಿಂದ ಸೊಂಟದವರೆಗಿನ ನೋಟ ಬೇಕೆಂದರೆ ಅದು 250 ಮಿ.ಮೀ. ದಾಟುತ್ತದೆ. ಮದುವೆ ಚಿತ್ರೀಕರಣದಲ್ಲಿ ಜನಪ್ರಿಯವಾದ 24–105 ಮಿ.ಮೀ. ಲೆನ್ಸ್ ಹೀಗಾಗಿ ಇಲ್ಲಿ ಸಾಲದು. 12 ಪಟ್ಟು ಝೂಮ್ ಇರುವ ಸೋನಿ ಪಿಎಕ್ಸ್‌ಡಬ್ಲ್ಯು-ಝಡ್90ಯಂಥ ಕ್ಯಾಮ್‌ಕಾರ್ಡರ್ ಸುಮಾರು 29ರಿಂದ 348 ಮಿ.ಮೀ.ಗೆ ಸಮನಾದ ವ್ಯಾಪ್ತಿಯನ್ನು ಒಂದೇ ಲೆನ್ಸಿನಲ್ಲಿ ಒದಗಿಸುತ್ತದೆ.

ಝೂಮ್ ಮಾಡಿದಂತೆ ದ್ವಾರ ಕಿರಿದಾಗುವುದನ್ನೂ ಗಮನಿಸಬೇಕು. ಎಫ್ 2.8ರಿಂದ 4.5ಕ್ಕೆ ಇಳಿದಾಗ ಒಳಬರುವ ಬೆಳಕು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಇನ್ನು ಚೌಕಟ್ಟಿನ ವಿಚಾರ: ಕುಣಿತದ ವೇಳೆ ಹೆಜ್ಜೆ, ಮಂಡಿ ಎಲ್ಲ ಕಾಣುವಂತೆ ಪೂರ್ಣ ನೋಟವನ್ನೂ ಮಾತುಗಾರಿಕೆಯ ವೇಳೆ ಹತ್ತಿರದ ನೋಟವನ್ನೂ ಇಟ್ಟುಕೊಳ್ಳುವುದು ರೂಢಿ. ಮುಖಕ್ಕೇ ಅಂಟಿಕೊಂಡ ಕ್ಯಾಮೆರಾ ಅಧ್ಯಯನಕ್ಕೆ ಬೇಕಾದ ಹೆಜ್ಜೆಗಾರಿಕೆಯನ್ನು ಕಳೆದುಬಿಡುತ್ತದೆ.

ಬೆಳಕು

ದೊಂದಿ, ಗ್ಯಾಸ್‌ಲೈಟುಗಳ ಕಾಲ ದಾಟಿ ರಂಗಸ್ಥಳಕ್ಕೆ ಟ್ಯೂಬ್‌ಲೈಟ್, ಹ್ಯಾಲೊಜನ್, ಎಲ್‌ಇಡಿ ದೀಪಗಳು ಬಂದಿವೆ. ಒಂದೇ ರಂಗಸ್ಥಳದಲ್ಲಿ ಇವು ಬೆರೆತಿರುವುದೂ ಉಂಟು. ಭಾರತದ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಇಂಥ ದೀಪಗಳು ಸೆಕೆಂಡಿಗೆ 100 ಸಲ ಮಿನುಗಬಹುದು. ಸೆಕೆಂಡಿಗೆ 25 ಚೌಕಟ್ಟಿಗೆ 1/50, 50 ಚೌಕಟ್ಟಿಗೆ 1/100 ಸೆಕೆಂಡಿನ ಶಟರ್ ಇಟ್ಟರೆ ಆ ಮಿನುಗು ಚಿತ್ರದಲ್ಲಿ ಕಾಣುವುದಿಲ್ಲ. ಅಗ್ಗದ ಎಲ್‌ಇಡಿಗಳ ಮಿನುಗು ಬೇರೆ ವೇಗದ್ದಾಗಿರುವುದರಿಂದ ಶಟರನ್ನು ಸೂಕ್ಷ್ಮವಾಗಿ ಹೊಂದಿಸುವ ಸೌಕರ್ಯವಿರುವ ಕ್ಯಾಮೆರಾ ಅನುಕೂಲ.

ಸ್ವಯಂಚಾಲಿತ ವ್ಯವಸ್ಥೆ ಎಲ್ಲಿ ಸೋಲುತ್ತದೆಂಬುದಕ್ಕೆ ತೆಂಕುತಿಟ್ಟಿನ ದೇವಿಮಹಾತ್ಮೆ ಪ್ರಸಂಗದ ಮಹಿಷಾಸುರನ ಪ್ರವೇಶ ಒಳ್ಳೆಯ ನಿದರ್ಶನ. ಮಹಿಷ ಪ್ರೇಕ್ಷಕರ ನಡುವಿನಿಂದ ಅಬ್ಬರಿಸುತ್ತ ಬರುತ್ತಾನೆ, ಸುತ್ತ ಉರಿಯುವ ಸೂಟೆಗಳು, ನಡುನಡುವೆ ರಾಳದ ಪುಡಿಯ ಭಗ್ಗನೆಯ ಜ್ವಾಲೆ. ಬೆಳಕನ್ನು ಕ್ಯಾಮೆರಾಕ್ಕೇ ಬಿಟ್ಟಿದ್ದರೆ ಅದು ಜ್ವಾಲೆ ಎದ್ದಾಗ ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ, ಆರಿದಾಗ ಕತ್ತಲನ್ನು ಬೂದಿಬಣ್ಣಕ್ಕೆ ಎತ್ತುತ್ತದೆ. ಫೋಕಸ್ ಹತ್ತಿರದ ಬೆಂಕಿಗೋ ಎದ್ದು ನಿಂತ ಪ್ರೇಕ್ಷಕರ ತಲೆಗೋ ಜಾರುತ್ತದೆ. ಆದ್ದರಿಂದ ದ್ವಾರ, ಗೇನ್, ಫೋಕಸ್, ವೈಟ್ ಬ್ಯಾಲೆನ್ಸ್‌ಗಳನ್ನು ಕೈಯಿಂದಲೇ ನಿಯಂತ್ರಿಸಲು ಮೆನುವಿನೊಳಗೆ ಹುಡುಕಬೇಕಾಗದ ಗುಂಡಿ, ಬಳೆಗಳಿರುವ ಕ್ಯಾಮೆರಾವನ್ನು ಆರಿಸುವುದು ಒಳಿತು. ಕಿರೀಟ, ಭುಜಕೀರ್ತಿಗಳ ಹೊಳಪು ಎಲ್ಲಿ ಮಿತಿಮೀರುತ್ತಿದೆ ಎಂದು ತೋರಿಸುವ ಜೀಬ್ರಾ ಪಟ್ಟೆಗಳೂ ಇರಬೇಕು.

ಧ್ವನಿ

ಯಕ್ಷಗಾನದ ದಾಖಲೆಯಲ್ಲಿ ಚಿತ್ರ ಸ್ವಲ್ಪ ಮಂಕಾದರೂ ನಡೆದೀತು, ಪದ್ಯ ಮತ್ತು ಅರ್ಥಗಾರಿಕೆ ಕೇಳದಿದ್ದರೆ ದಾಖಲೆಗೆ ಬೆಲೆಯಿಲ್ಲ. ಕ್ಯಾಮೆರಾದ ಸ್ವಂತ ಮೈಕು ದೂರದ ಧ್ವನಿವರ್ಧಕದ ಸದ್ದನ್ನೂ ಪಕ್ಕದವರ ಮಾತನ್ನೂ ಒಟ್ಟಿಗೇ ಹಿಡಿಯುತ್ತದೆ. ಧ್ವನಿಮಟ್ಟವನ್ನು ಅದು ತಾನಾಗಿ ಹೊಂದಿಸುವಂತಿದ್ದರೆ ಇನ್ನೊಂದು ತೊಡಕು: ಚೆಂಡೆಯ ಬಿರುಸಿಗೆ ಮಟ್ಟ ಇಳಿಯುತ್ತದೆ, ಚೆಂಡೆ ನಿಂತೊಡನೆ ಆರಂಭವಾಗುವ ಮಾತಿನ ಮೊದಲ ಪದಗಳು ಕ್ಷೀಣವಾಗಿ ಕೇಳುತ್ತವೆ.

ಸೌಂಡ್ ಮಿಕ್ಸರಿನಿಂದ ನೇರ ತಂತಿ ಪಡೆಯುವುದು ಮೊದಲ ಪರಿಹಾರ. ಮಿಕ್ಸರಿನ ಲೈನ್ ಮಟ್ಟದ ಸಂಕೇತ ಮೈಕಿನ ಮಟ್ಟಕ್ಕಿಂತ ಬಹಳ ಪ್ರಬಲ. ಕ್ಯಾಮೆರಾದ ಕಿಂಡಿಯನ್ನು ಲೈನ್‌ಗೆ ಬದಲಿಸದಿದ್ದರೆ ಧ್ವನಿ ಒಡೆಯುತ್ತದೆ. ಬೇರೆ ಬೇರೆ ಪ್ಲಗ್ಗುಗಳಿಂದ ವಿದ್ಯುತ್ ಪಡೆದ ಸಾಧನಗಳನ್ನು ಜೋಡಿಸಿದಾಗ ಕೇಳುವ ಗುಂಯ್‌ಗುಟ್ಟುವ ಸದ್ದನ್ನು ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ನಿವಾರಿಸುತ್ತದೆ. ಆದರೆ ಮಿಕ್ಸರಿನ ಸಂಕೇತವೊಂದೇ ಸಾಲದು. ಚೆಂಡೆಯ ಸದ್ದು ಬಯಲಿಗೆ ತಾನೇ ಮುಟ್ಟುವುದರಿಂದ ಅದನ್ನು ಮಿಕ್ಸರಿನಲ್ಲಿ ಕಡಿಮೆ ಇಟ್ಟಿರಬಹುದು, ಬರೀ ತಂತಿಯ ಧ್ವನಿ ಕೇಳಿದಾಗ ಆಟ ಸೊರಗಿದಂತಿರುತ್ತದೆ. ರಂಗಸ್ಥಳದ ಮುಂದೆ ಒಂದು ಜೋಡಿ ಮೈಕಿಟ್ಟು ಪ್ರತ್ಯೇಕ ರೆಕಾರ್ಡರಿನಲ್ಲಿ ದಾಖಲಿಸಿ, ಸಂಕಲನದಲ್ಲಿ ಎರಡನ್ನೂ ಬೆರೆಸಬೇಕು.

48 ಕಿಲೊಹರ್ಟ್ಸ್, 24 ಬಿಟ್ ದಾಖಲಾತಿ ಸಾಮಾನ್ಯ ಪ್ರಮಾಣ. 32 ಬಿಟ್ ಫ್ಲೋಟ್ ರೆಕಾರ್ಡರುಗಳು ಪಿಸುಮಾತನ್ನೂ ಚೆಂಡೆಯ ಪೆಟ್ಟನ್ನೂ ಮಟ್ಟ ಬದಲಿಸದೆ ಹಿಡಿಯಬಲ್ಲವು. ಆದರೆ ಮೈಕೇ ತಾಳಲಾರದಷ್ಟು ಸದ್ದನ್ನು ಅವೂ ಸರಿಪಡಿಸಲಾರವು. ದೀರ್ಘ ಆಟದಲ್ಲಿ ಎರಡು ಸಾಧನಗಳ ಗಡಿಯಾರಗಳ ಅಂತರವೂ ಗೋಚರಿಸುತ್ತದೆ: ಹತ್ತು ಲಕ್ಷಕ್ಕೆ ಹತ್ತು ಪಾಲಿನಷ್ಟು ವ್ಯತ್ಯಾಸವಿದ್ದರೂ ಎಂಟು ಗಂಟೆಗಳಲ್ಲಿ ಅದು ಸುಮಾರು 0.29 ಸೆಕೆಂಡ್, ಅಂದರೆ ಏಳು ಚೌಕಟ್ಟುಗಳಷ್ಟಾಗಿ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಟೈಮ್‌ಕೋಡ್ ಸಾಧನವನ್ನು ಬಳಸಬಹುದು, ಇಲ್ಲವೇ ದಾಖಲಾತಿಯನ್ನು ತುಣುಕು ತುಣುಕಾಗಿ ಹೊಂದಿಸಿಕೊಳ್ಳಬೇಕು.

ವಿದ್ಯುತ್

ಬಯಲಾಟದ ದೀಪ, ಧ್ವನಿವರ್ಧಕಗಳು ಹಲವೆಡೆ ಜನರೇಟರನ್ನು ಅವಲಂಬಿಸಿರುತ್ತವೆ. ವೋಲ್ಟೇಜ್ ಏರಿಳಿಯುವುದು, ಲೈನಿನಿಂದ ಜನರೇಟರಿಗೆ ಬದಲಿಸುವಾಗ ಕೆಲ ಕ್ಷಣ ಕರೆಂಟು ಹೋಗುವುದು ಸಾಮಾನ್ಯ. ಅಡಾಪ್ಟರಿನಿಂದ ನಡೆಯುವಾಗಲೂ ಬ್ಯಾಟರಿ ಕಳಚದೆ, ಕರೆಂಟು ಹೋದಾಗ ತಾನಾಗಿ ಅದಕ್ಕೆ ಬದಲಾಗುವ ಕ್ಯಾಮೆರಾ ಇಂಥಲ್ಲಿ ಸುರಕ್ಷಿತ. ಬ್ಯಾಟರಿಯ ಜಾಗದಲ್ಲಿ ಡಮ್ಮಿ ಬ್ಯಾಟರಿ ಹಾಕಿ ಪ್ಲಗ್ಗಿಗೆ ಜೋಡಿಸಿದ್ದರೆ ಆ ಒಂದು ಕ್ಷಣದಲ್ಲೇ ದಾಖಲಾತಿ ತುಂಡಾಗಿ, ಕಡೆಯ ಕಡತ ಕೆಡುವ ಅಪಾಯವಿದೆ.

ಬೇಕಾದ ಶಕ್ತಿಯನ್ನು ವ್ಯಾಟ್-ಗಂಟೆಯಲ್ಲಿ ಲೆಕ್ಕ ಹಾಕುತ್ತಾರೆ. 10 ವ್ಯಾಟ್ ಬಳಸುವ ಕ್ಯಾಮೆರಾ ಎಂಟು ಗಂಟೆಗೆ 80 ವ್ಯಾಟ್-ಗಂಟೆ ಬೇಡುತ್ತದೆ. 20,000 ಎಂಎಎಚ್ ಎಂದು ಬರೆದ ಪವರ್ ಬ್ಯಾಂಕಿನಲ್ಲಿ 3.7 ವೋಲ್ಟಿನ ಲೆಕ್ಕಕ್ಕೆ 74 ವ್ಯಾಟ್-ಗಂಟೆ ಇದ್ದು, ಪರಿವರ್ತನೆಯಲ್ಲಿ ಒಂದಿಷ್ಟು ನಷ್ಟವಾಗುತ್ತದೆ. ಆದ್ದರಿಂದ ಲೆಕ್ಕಕ್ಕಿಂತ ಮೂರನೇ ಒಂದು ಪಾಲಿನಷ್ಟಾದರೂ ಹೆಚ್ಚು ಶಕ್ತಿ ಕೈಯಲ್ಲಿರಬೇಕು. ಮರುದಿನದ ಪ್ರಯಾಣದ ನಡುವೆ ಎಲ್ಲ ಬ್ಯಾಟರಿಗಳನ್ನು ಚಾರ್ಜ್ ಮಾಡಲು ಸಮಯ ಸಾಕೇ ಎಂಬುದನ್ನೂ ನೋಡಿಕೊಳ್ಳಬೇಕು. ಎರಡು ಬ್ಯಾಟರಿಗಳ ಚಾರ್ಜರ್ ಈ ಕಾರಣಕ್ಕೆ ಉಪಯುಕ್ತ.

ಸಂಗ್ರಹ

ದಾಖಲಾತಿಯ ಗಾತ್ರ ಬಿಟ್ ದರವನ್ನು ಅವಲಂಬಿಸಿದೆ. ಸೆಕೆಂಡಿಗೆ 50 ಮೆಗಾಬಿಟ್ ದರದಲ್ಲಿ ಗಂಟೆಗೆ 22.5 ಗಿಗಾಬೈಟ್, ಎಂಟು ಗಂಟೆಗೆ 180 ಗಿಗಾಬೈಟ್ ತುಂಬುತ್ತದೆ. 100 ಮೆಗಾಬಿಟ್ಟಿನ 4ಕೆ ಆದರೆ 360 ಗಿಗಾಬೈಟ್. ಇಡೀ ರಾತ್ರಿಯ ಆಟವನ್ನು ಎಚ್‌ಡಿಯಲ್ಲಿ ಹಿಡಿದು, ಒಡ್ಡೋಲಗದಂಥ ಆಯ್ದ ಭಾಗಗಳಿಗೆ ಮಾತ್ರ ಇನ್ನೊಂದು ಕ್ಯಾಮೆರಾದಲ್ಲಿ 4ಕೆ ಬಳಸುವುದು ಒಂದು ಮಧ್ಯಮ ಮಾರ್ಗ. ಕಾರ್ಡಿನ ಮೇಲಿನ ವಿ30 ಗುರುತು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ಭರವಸೆ. 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್ ಆದ್ದರಿಂದ ಅದು ಧಾರಾಳವಾಯಿತು.

ಆಟ ಮುಗಿದ ಬೆಳಿಗ್ಗೆಯೇ ಎರಡು ಪ್ರತ್ಯೇಕ ಡಿಸ್ಕುಗಳಿಗೆ ನಕಲು ಮಾಡಿ, ತೆರೆದು ನೋಡಿದ ಮೇಲಷ್ಟೇ ಕಾರ್ಡನ್ನು ಅಳಿಸಬೇಕು. ಸೆಕೆಂಡಿಗೆ 90 ಮೆಗಾಬೈಟ್ ವೇಗದಲ್ಲಿ 180 ಗಿಗಾಬೈಟ್ ಸಾಗಲು ಸುಮಾರು 33 ನಿಮಿಷ ಬೇಕು. ಆರು ರಾತ್ರಿಗೆ ಒಂದು ಟೆರಾಬೈಟ್ ದಾಟುತ್ತದೆ. ವಾಹನದ ಕುಲುಕಾಟಕ್ಕೆ ತಿರುಗುವ ಹಾರ್ಡ್ ಡಿಸ್ಕಿಗಿಂತ ಎಸ್‌ಎಸ್‌ಡಿ ಹೆಚ್ಚು ತಾಳುತ್ತದೆ. ಎರಡು ನಕಲುಗಳು ಒಂದೇ ಚೀಲದಲ್ಲಿ ಪ್ರಯಾಣ ಮಾಡಬಾರದು.

ಆಧಾರ ಮತ್ತು ಹವೆ

ಉದ್ದ ಝೂಮಿನಲ್ಲಿ ಸಣ್ಣ ಅಲುಗಾಟವೂ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ದ್ರವದ ಹೆಡ್ ಇರುವ ಟ್ರೈಪಾಡ್‌ಗೆ ಕ್ಯಾಮೆರಾದಷ್ಟೇ ಗಮನ ಕೊಡಬೇಕು. ಕಾರ್ಬನ್ ಫೈಬರ್ ಟ್ರೈಪಾಡ್ ಹಗುರ, ಬೆಲೆ ಹೆಚ್ಚು. ಜನ ನಡೆದಾಡುವ ಹಲಗೆಯ ಅಟ್ಟಕ್ಕಿಂತ ಗಟ್ಟಿ ನೆಲ ಉತ್ತಮ. ಗಿಂಬಲ್ ಚೌಕಿಯ ಓಡಾಟದ ಚಿತ್ರಗಳಿಗೆ ಸರಿ, ರಾತ್ರಿಯಿಡೀ ಕೈಯಲ್ಲಿ ಹಿಡಿಯುವ ವಸ್ತುವಲ್ಲ. ಚಳಿಗಾಲದ ನಡುರಾತ್ರಿ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಹುಡ್, ಒಣಬಟ್ಟೆ, ಮೇಲೆ ಹೊದಿಸಲು ಹೊದಿಕೆ ಬೇಕು. ಕರಾವಳಿಯ ತೇವದಿಂದ ಲೆನ್ಸಿಗೆ ಬೂಷ್ಟು ಹಿಡಿಯದಂತೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಆಗಾಗ ಬದಲಿಸಬೇಕು.

ನೇರಪ್ರಸಾರ

ಎರಡು ಮೂರು ಕ್ಯಾಮೆರಾಗಳ ನೇರಪ್ರಸಾರಕ್ಕೆ ಚೀಲದಲ್ಲಿ ಹಿಡಿಸುವ ಸ್ವಿಚರ್‌ಗಳು ದೊರೆಯುತ್ತವೆ. 2019ರಲ್ಲಿ ಬಂದ ಬ್ಲ್ಯಾಕ್‌ಮ್ಯಾಜಿಕ್ ಎಟಿಇಎಂ ಮಿನಿ ನಾಲ್ಕು ಎಚ್‌ಡಿಎಂಐ ಸಂಕೇತಗಳನ್ನು ಸ್ವೀಕರಿಸುತ್ತದೆ. ಸಾಮಾನ್ಯ ಎಚ್‌ಡಿಎಂಐ ತಂತಿ ಹತ್ತು ಹದಿನೈದು ಮೀಟರ್ ದಾಟಿದರೆ ನಂಬಿಕೆಗೆ ಅರ್ಹವಲ್ಲ. ದೂರಕ್ಕೆ ಎಸ್‌ಡಿಐ ಲೇಸು. ಸೆಕೆಂಡಿಗೆ 6 ಮೆಗಾಬಿಟ್ ಪ್ರಸಾರಕ್ಕೆ ಎಂಟು ಗಂಟೆಯಲ್ಲಿ 21.6 ಗಿಗಾಬೈಟ್ ಡೇಟಾ ಖರ್ಚಾಗುತ್ತದೆ. ಹಳ್ಳಿಯಲ್ಲಿ ಸಂಜೆ ಚೆನ್ನಾಗಿದ್ದ ಮೊಬೈಲ್ ನೆಟ್‌ವರ್ಕ್ ಜನ ಸೇರಿದ ಮೇಲೆ ಕುಸಿಯಬಹುದಾದ್ದರಿಂದ ಕ್ಯಾಮೆರಾದಲ್ಲೇ ಪ್ರತ್ಯೇಕ ದಾಖಲಾತಿ ಕಡ್ಡಾಯ.

ಹೊರದೇಶದ ತಿರುಗಾಟ

1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಸ್ಥಾಪಿಸಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯೂ ಸೇರಿದಂತೆ ಹಲವು ತಂಡಗಳು ವಿದೇಶಗಳಲ್ಲಿ ಪ್ರದರ್ಶನ ನೀಡಿವೆ. ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್-ಗಂಟೆಯವರೆಗೆ ಸಾಮಾನ್ಯವಾಗಿ ಅವಕಾಶವಿದೆ, 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅಮೆರಿಕದಲ್ಲಿ ವಿದ್ಯುತ್ 60 ಹರ್ಟ್ಸ್ ಆದ್ದರಿಂದ ಶಟರನ್ನು 1/60 ಅಥವಾ 1/120ಕ್ಕೆ ಬದಲಿಸಬೇಕಾಗುತ್ತದೆ.

ಅನುಮತಿ

1957ರ ಕೃತಿಸ್ವಾಮ್ಯ ಕಾಯ್ದೆಯ 38ನೇ ಕಲಮು ಪ್ರದರ್ಶಕರಿಗೆ 50 ವರ್ಷಗಳ ಹಕ್ಕನ್ನು ನೀಡುತ್ತದೆ. ಹೀಗಾಗಿ ಪ್ರಕಟಣೆಗೆಂದು ಚಿತ್ರೀಕರಿಸುವವರು ಮೇಳದ ಯಜಮಾನರು, ಭಾಗವತರು ಮತ್ತು ಕಲಾವಿದರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಹೊಸ ಪ್ರಸಂಗವಾದರೆ ಪ್ರಸಂಗಕರ್ತರ ಹಕ್ಕೂ ಸೇರುತ್ತದೆ. ಹರಕೆ ಆಟದಲ್ಲಿ ಸೇವಾಕರ್ತರನ್ನು ಕೇಳುವುದು ರೂಢಿ. ಡ್ರೋನ್ ಬಳಕೆಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. 250 ಗ್ರಾಂವರೆಗಿನವು ನ್ಯಾನೊ ವರ್ಗಕ್ಕೆ ಸೇರುತ್ತವೆಯಾದರೂ ಸೇರಿದ ಜನರ ತಲೆಯ ಮೇಲೆ ಹಾರಿಸುವುದು ಅಪಾಯಕರ.

ಆಯ್ಕೆಯ ಅನುಕ್ರಮ

ಸೀಮಿತ ಹಣದಲ್ಲಿ ಸಾಧನ ಕೊಳ್ಳುವವರು ಮೊದಲು ನಿಲ್ಲದೆ ದಾಖಲಿಸುವ ಕ್ಯಾಮೆರಾ ಮತ್ತು ಅದಕ್ಕೆ ರಾತ್ರಿಯಿಡೀ ಸಾಕಾಗುವ ವಿದ್ಯುತ್ತನ್ನು, ಬಳಿಕ ಮಿಕ್ಸರಿನಿಂದ ಧ್ವನಿ ಪಡೆಯುವ ವ್ಯವಸ್ಥೆಯನ್ನು, ಅನಂತರ ಟ್ರೈಪಾಡ್ ಮತ್ತು ಎರಡು ನಕಲುಗಳಿಗಾಗುವಷ್ಟು ಸಂಗ್ರಹವನ್ನು ಹೊಂದಿಸಿಕೊಳ್ಳುವುದು ಸರಿಯಾದ ಕ್ರಮ. ದೊಡ್ಡ ಸೆನ್ಸರ್, 4ಕೆ, ಎರಡನೇ ಕ್ಯಾಮೆರಾ ಇವೆಲ್ಲ ಆಮೇಲಿನವು. ಕೊಂಡ ಸಾಧನವನ್ನು ಆಟಕ್ಕೆ ಒಯ್ಯುವ ಮೊದಲು ಮನೆಯಲ್ಲೇ ಎಂಟು ಗಂಟೆ ನಿರಂತರ ಚಾಲೂ ಇಟ್ಟು ಬಿಸಿ, ಬ್ಯಾಟರಿ, ಕಾರ್ಡಿನ ಬದಲಾವಣೆಗಳನ್ನು ಪರೀಕ್ಷಿಸಿದರೆ ಅದು ತಿರುಗಾಟಕ್ಕೆ ಒಗ್ಗುವುದೋ ಇಲ್ಲವೋ ಎಂಬುದು ತಿಳಿಯುತ್ತದೆ.